ಪಕ್ಕದ ಪಾಲು

ಗೌರಾಂಬಮ್ಮನವರಿಗೆ ಗುರುವಾರ ಮುಗಿಯುತ್ತಲೇ ಇರಲಿಲ್ಲ.

ದಿನಾ ಬೆಳಿಗ್ಗೆ ಎದ್ದು, ಮುಖ ತೊಳೆದು, ದೇವರ ಗೂಡಿಗೆ ಕೈಮುಗಿದು, ನೇರವಾಗಿ ಹೋಗಿ ಗೇಟಿನ ಬಳಿ ನಿಲ್ಲುತ್ತಿದ್ದರು. ಗ್ಯಾಸಿನವನು ಗುರುವಾರ ಸಿಲಿಂಡರ್ ತರುತ್ತೇನೆಂದು ಹೇಳಿ ಹೋಗಿದ್ದ. ಆ ಗುರುವಾರ ಬಂದು, ಸಿಲಿಂಡರೂ ಬಂದು, ಅದು ತೀರಿ, ಇನ್ನೊಂದು ಬಂದು ಅಡುಗೆಮನೆಯ ಕಟ್ಟೆಯ ಕೆಳಗೆ ಕೂತಿತ್ತು. ಆದರೆ ಗೌರಾಂಬಮ್ಮ ಏಳುತ್ತಿದ್ದದ್ದು ಮಾತ್ರ ಅದೇ ಗುರುವಾರಕ್ಕೆ.

"ಅಮ್ಮ, ಸಿಲಿಂಡರ್ ಬಂದಿದೆ. ಒಳಗೆ ಬಾ," ಎಂದು ಮಗಳು ಹೈಮ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು.

"ಯಾವಾಗ ಬಂತೆ? ನಾನು ಇಲ್ಲೇ ಗರುಡಗಂಬದ ಹಾಗೆ ನಿಂತಿದೀನಿ. ನನ್ನ ಕಣ್ಣು ತಪ್ಪಿಸಿ ಬರೋಕೆ ಅವನೇನು ಗಾಳಿನಾ?"

ಆಮೇಲೆ ಹೈಮ ಎಲ್ಲವನ್ನೂ ಹೇಳಬೇಕು. ಲಕ್ವ ಹೊಡೆದದ್ದು, ಕಿವಿಯ ಹಿಂದೆ ಬಿಲ್ಲೆ ಹಾಕಿಸಿದ್ದು, ಮತ್ತೊಮ್ಮೆ ಲಕ್ವ ಹೊಡೆದದ್ದು, ಬಿಲ್ಲೆಯಲ್ಲಿ ಜಾಗ ತೀರಿದ್ದು. ಗೌರಾಂಬಮ್ಮ ದಡ್ಡರಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಅರ್ಥವಾಗಿ, ಸಂಜೆಗೆ ತಾವೇ ನಗುತ್ತಿದ್ದರು. "ಹಾಗಾದ್ರೆ ನಾಳೆನೂ ನಂಗೆ ಇದೇ ಕತೆ ಹೇಳ್ತೀಯಾ?"

"ಹೇಳ್ತೀನಿ."

"ಪಾಪ ಕಣೆ ನೀನು," ಎಂದು ಮಗಳ ತಲೆ ಸವರಿ ಮಲಗುತ್ತಿದ್ದರು. ಬೆಳಗಾದರೆ ಮತ್ತೆ ಗೇಟು.

ಹೈಮಳಿಗೆ ಇದು ಹೊಸ ವಿಷಯವೇನಲ್ಲ. ಮೈಸೂರಿನ ಒಂದು ಆಸ್ಪತ್ರೆಯ ಬಿಲ್ಲೆ ಘಟಕದಲ್ಲಿ ಅವಳ ಕೆಲಸವೇ ಅದು. ಮಿದುಳಿನ ನೆನಪಿಡುವ ಭಾಗ ಸತ್ತುಹೋದವರಿಗೆ, ಹಳೆಯ ನಾಲ್ಕಾಣೆಯಷ್ಟು ಅಗಲದ ಒಂದು ಬಿಲ್ಲೆಯನ್ನು ಕಿವಿಯ ಹಿಂದೆ ಚರ್ಮದ ಕೆಳಗೆ ಹುದುಗಿಸುತ್ತಾರೆ. ಹಗಲು ನಡೆದದ್ದು ಸಂಜೆಯವರೆಗೆ ಮಿದುಳಿನಲ್ಲೇ ತೇಲುತ್ತಿರುತ್ತದೆ. ನಿದ್ದೆ ಹತ್ತಿದ ಮೇಲೆ ಬಿಲ್ಲೆಗೆ ಇಳಿಯುತ್ತದೆ. ಬಿಲ್ಲೆಯನ್ನು ಮೊದಲೇ ಪಾಲುಗಳಾಗಿ ಒಡೆದಿರುತ್ತಾರೆ. ಒಂದು ಪಾಲು ಬಿಲ್ಲೆಯ ಸ್ವಂತ ಕೆಲಸಕ್ಕೆ, ಒಂದು ಹಳೆಯ ನೆನಪುಗಳನ್ನು ಕಾಪಾಡಿಡುವುದಕ್ಕೆ, ಒಂದು ದಿನದಿನದ ನೆನಪಿಗೆ. ದಿನದ ಪಾಲು ಭರ್ತಿಯಾದರೆ ಹೊಸ ದಿನ ಇಳಿಯಲು ಜಾಗವಿಲ್ಲ. ಮನುಷ್ಯ ಕೊನೆಯದಾಗಿ ಇಳಿದ ದಿನದ ಮರುದಿನಕ್ಕೇ ಏಳುತ್ತಾನೆ, ಎಷ್ಟು ಸಲ ಎದ್ದರೂ.

ಹಾಗಾದಾಗ ಮನೆಯವರು ಗಾಬರಿಯಿಂದ ಓಡಿ ಬರುತ್ತಾರೆ. ಪರದೆಯ ಮೇಲೆ ಹೈಮ ಅವರಿಗೆ ಬಿಲ್ಲೆಯ ನಕ್ಷೆ ತೋರಿಸುತ್ತಾಳೆ: ಉದ್ದನೆಯ ಒಂದು ಪಟ್ಟಿ, ಅದರಲ್ಲಿ ನೀಲಿ ಬಣ್ಣದ ಪಾಲುಗಳು, ಬಲತುದಿಯಲ್ಲಿ ಯಾರಿಗೂ ಹಂಚದ ಕಪ್ಪು ಜಾಗ.

"ಅಷ್ಟೊಂದು ಜಾಗ ಇದೆಯಲ್ಲ ಮೇಡಂ, ಅದನ್ನ ಕೊಟ್ಬಿಡಿ," ಅನ್ನುತ್ತಾರೆ ಎಲ್ಲರೂ.

"ಮನೆ ದೊಡ್ಡದು ಮಾಡ್ಬೇಕು ಅಂದ್ರೆ ಪಕ್ಕದ ಸೈಟು ಖಾಲಿ ಇರ್ಬೇಕು. ಬೀದಿ ಕೊನೇಲಿ ಎಷ್ಟು ಜಾಗ ಇದ್ರೆ ಏನ್ ಬಂತು? ಅದೂ ಬಲಗಡೆ ಪಕ್ಕಾನೇ ಆಗ್ಬೇಕು. ಎಡಗಡೆಯವರು ಬಿಟ್ಟುಕೊಟ್ರೂ ಪ್ರಯೋಜನ ಇಲ್ಲ," ಎಂದು ಹೈಮ ವಿವರಿಸುತ್ತಾಳೆ. ಪಾಲುಗಳನ್ನು ನೋಡಿಕೊಳ್ಳಲು ಬಿಲ್ಲೆಯ ಜೊತೆಗೇ ಬರುವ ಸಾಧನಕ್ಕೆ ಗೊತ್ತಿರುವ ವಿದ್ಯೆ ಇಷ್ಟೇ: ಪಾಲು ಮಾಡುವುದು, ಕುಗ್ಗಿಸುವುದು, ಬಲಕ್ಕೆ ಹಿಗ್ಗಿಸುವುದು, ಅಳಿಸುವುದು. ಒಂದು ಪಾಲನ್ನು ಎತ್ತಿ ಬೇರೆಡೆ ಇಡಲು ಅದಕ್ಕೆ ಬಾರದು. ಬಂದರೂ ಉಪಯೋಗವಿಲ್ಲ. ಮಿದುಳಿನ ಎಳೆಗಳು ಬಿಲ್ಲೆಯ ಆಯಾ ಜಾಗಕ್ಕೇ ಹೆಣೆದುಕೊಂಡಿರುತ್ತವೆ. ನೆನಪನ್ನು ನಕಲು ಮಾಡಿ ಇನ್ನೊಂದು ಕಡೆ ಇಟ್ಟರೆ ಅಕ್ಷರ ಉಳಿಯುತ್ತದೆ, ಓದುವವರು ಇರುವುದಿಲ್ಲ.

ಗೌರಾಂಬಮ್ಮನವರ ಬಿಲ್ಲೆಯಲ್ಲಿ ದಿನದ ಪಾಲಿನ ಬಲಕ್ಕೆ, ಅದಕ್ಕೂ ಕಪ್ಪು ಜಾಗಕ್ಕೂ ನಡುವೆ, ಒಂದು ಸಣ್ಣ ಪಾಲು ಅಡ್ಡ ಕೂತಿತ್ತು. ಎರಡನೇ ಸಲ ಲಕ್ವ ಹೊಡೆದಾಗ, ಮಿದುಳಿನಿಂದ ಜಾರುತ್ತಿರುವುದನ್ನು ಹಿಡಿದಿಡಲು ಅವಸರದಲ್ಲಿ ಮಾಡಿದ ಪಾಲು. ಹಾಗೆ ಮಾಡಿದವುಗಳಲ್ಲಿ ಎಷ್ಟೋ ಸಲ ಏನೂ ಇಳಿದಿರುವುದಿಲ್ಲ. ಇಳಿದರೆ, ಒಂದಕ್ಕೊಂದು ಹೆಣೆದುಕೊಂಡ ನೆನಪುಗಳು ಬೇರು ಸಮೇತ ಬಂದು ಕೂರುತ್ತವೆ, ಮಿದುಳಿನಲ್ಲಿ ಅವುಗಳ ಗುರುತೂ ಉಳಿಯುವುದಿಲ್ಲ. ಸಾಧನ ಅದನ್ನು 'ಸುಸ್ಥಿತಿ, ನೂರಕ್ಕೆ ನೂರು ಖಾಲಿ' ಎಂದು ತೋರಿಸುತ್ತಿತ್ತು. ಆ ಮಾತಿಗೆ ಬೆಲೆಯಿಲ್ಲವೆಂದು ಹೈಮಳಿಗೆ ಗೊತ್ತು. ತನಗೆ ಓದಲು ಬಾರದ ಪಾಲನ್ನೆಲ್ಲ ಆ ಸಾಧನ ಖಾಲಿ ಎಂದೇ ತೋರಿಸುತ್ತದೆ. ಒಳಗೆ ಇಣುಕಲು ಕಾನೂನು ಬಿಡದು. ಉಳಿದದ್ದು ಒಂದೇ ದಾರಿ, ರೋಗಿಯನ್ನೇ ಕೇಳುವುದು.

ಆ ವರ್ಷ ಇನ್ನೊಂದು ವಿಷಯವೂ ಹೈಮಳನ್ನು ಕೊರೆಯುತ್ತಿತ್ತು. ಅಮ್ಮನ ಗುರುವಾರದ ಮುಂದಿನ ವಾರವೇ ಸೋಮುವಿನ ಹುಟ್ಟುಹಬ್ಬ. ಸೋಮು ಹೈಮಳ ತಮ್ಮ. ಎರಡನೇ ಕ್ಲಾಸಿನಲ್ಲಿದ್ದಾಗ ಮಿದುಳು ಜ್ವರ ಬಂದು ಹೋಗಿಬಿಟ್ಟ. ಅಂದಿನಿಂದ ಆ ಮನೆಯಲ್ಲಿ ಅವನ ಹೆಸರು ಎತ್ತುವ ಹಾಗಿರಲಿಲ್ಲ. ವರ್ಷಕ್ಕೊಂದು ದಿನ ಗೌರಾಂಬಮ್ಮ ಯಾರಿಗೂ ಏನೂ ಹೇಳದೆ ಗಸಗಸೆ ಪಾಯಸ ಮಾಡುತ್ತಿದ್ದರು. ಗಾಡ್ರೇಜ್ ಬೀರುವಿನ ಸೀರೆಗಳ ಅಡಿಯಿಂದ ಒಂದು ಫೋಟೋ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದರು. ಅಷ್ಟೇ. ಆ ದಿನ ತಲುಪುವ ಮೊದಲೇ ಅಮ್ಮನ ಕಾಲ ನಿಂತುಬಿಟ್ಟಿತ್ತು. ಬೇರೇನಿಲ್ಲದಿದ್ದರೂ ಆ ದಿನಕ್ಕೆ ಅಮ್ಮನನ್ನು ಮುಟ್ಟಿಸಬೇಕು ಎಂದು ಹೈಮಳ ಹಟ.

ಆಸ್ಪತ್ರೆಗೆ ಹೊರಡುವ ದಿನ ಅಡುಗೆಮನೆಯಿಂದ ಅಮ್ಮ ಕೂಗಿದರು. "ಹೈಮ, ಬರ್ತಾ ಅಕ್ಕಿ ತಗೊಂಡು ಬರ್ಬೇಕು. ತುಂಬಿದೆ ಕಣೆ."

ತುಂಬಿದೆ ಎಂದರೆ ಆ ಮನೆಯಲ್ಲಿ ತೀರಿದೆ ಎಂದು. ಅಕ್ಕಿ, ಅರಿಶಿನ, ಕುಂಕುಮ, ದೀಪದ ಎಣ್ಣೆ, ಯಾವುದೂ ಗೌರಾಂಬಮ್ಮನವರ ಬಾಯಲ್ಲಿ ಖಾಲಿಯಾಗುತ್ತಿರಲಿಲ್ಲ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹುಡುಗಿಯಾಗಿದ್ದಾಗ ಹೈಮ, ಡಬ್ಬಿ ತುಂಬಿದೆ ಎಂಬ ಮಾತು ಕೇಳಿ ಅಂಗಡಿಗೆ ಹೋಗದೆ ಕೂತು ಬೈಸಿಕೊಂಡಿದ್ದಳು. ಆಮೇಲೆ ತಾನೇ ಒಂದು ವ್ಯಾಕರಣ ಮಾಡಿಕೊಂಡಿದ್ದಳು: ನಿಜವಾಗಿ ತುಂಬಿದ್ದಕ್ಕೆ ಅಮ್ಮ 'ತುಂಬಿತು' ಅನ್ನುತ್ತಾಳೆ, ಬಿಂದಿಗೆ ತುಂಬಿತು, ನಲ್ಲಿ ನಿಲ್ಲಿಸು. ಬರಿದಾದದ್ದಕ್ಕೆ 'ತುಂಬಿದೆ'. ಆ ವ್ಯಾಕರಣ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ತಮ್ಮವರ ಬಿಲ್ಲೆಯನ್ನು ತಾವೇ ಮುಟ್ಟಬಾರದೆಂಬುದು ಘಟಕದ ನಿಯಮ. ಆದ್ದರಿಂದ ಕೆಲಸ ವಲೇರಿಯನ್ ಅವರದಾಯಿತು. ಮಂಗಳೂರಿನ ಕಡೆಯವರು, ಹೈಮಳಿಗಿಂತ ಹಿರಿಯರು, ಪ್ರತಿ ಗುಂಡಿ ಒತ್ತುವ ಮುಂಚೆಯೂ ಒಂದು ಸಲ ಉಸಿರು ಬಿಡುವವರು.

"ನಿಮ್ಮ ಮಗಳು ಇಲ್ಲಿ ನಮ್ಮನ್ನೆಲ್ಲ ಹೆದರಿಸಿ ಇಟ್ಟಿದ್ದಾರೆ ಅಮ್ಮ. ಮನೆಯಲ್ಲಿಯೂ ಹಾಗೆಯಾ?" ಎಂದು ಕೇಳುತ್ತ ಅವರು ಗೌರಾಂಬಮ್ಮನವರ ಕಿವಿಯ ಹಿಂದೆ ಬಿಲ್ಲೆಯನ್ನು ಓದುವ ಪಟ್ಟಿ ಅಂಟಿಸಿದರು.

"ಮನೇಲಿ ಬೆಕ್ಕು ಕಣಪ್ಪ. ನಾನು ಹುಲಿ."

ಪಾಲುಗಳಿಗೆ ಒಂದೊಂದಾಗಿ ತೆಳುವಾದ ವಿದ್ಯುತ್ತು ಹರಿಸಿ, ಏನು ಕಾಣುತ್ತದೆ ಎಂದು ಕೇಳುವುದು ಕ್ರಮ. ಹಳೆಯ ಪಾಲಿಗೆ ಕೊಟ್ಟಾಗ ಗೌರಾಂಬಮ್ಮ ಮೂಗು ಅರಳಿಸಿದರು. "ನಮ್ಮ ಮದುವೆ ಮನೆ. ಒಬ್ಬಟ್ಟು ಸೀದಿದೆ. ಯಾರೂ ನೋಡ್ತಿಲ್ಲ." ದಿನದ ಪಾಲಿಗೆ ಕೊಟ್ಟಾಗ, "ಗ್ಯಾಸಿನವನು. ಗುರುವಾರ ತರ್ತೀನಿ ಅಂದ."

ಆಮೇಲೆ ಅಡ್ಡ ಕೂತ ಸಣ್ಣ ಪಾಲು.

ಗೌರಾಂಬಮ್ಮ ಕಣ್ಣು ಮುಚ್ಚಿದರು. ಮುಖದಲ್ಲಿ ಸಣ್ಣದೊಂದು ನಗು ಬಂತು, ಅಥವಾ ಹೈಮಳಿಗೆ ಹಾಗೆ ಕಂಡಿತು.

"ಎಂತ ಉಂಟು ಅಮ್ಮ ಅಲ್ಲಿ?" ಎಂದರು ವಲೇರಿಯನ್.

"ತುಂಬಿದೆ."

"ಎಂತ ತುಂಬಿದೆ?"

"ಹೇಳಿದ್ನಲ್ಲಪ್ಪ. ತುಂಬಿದೆ."

ವಲೇರಿಯನ್ ಕೈ ಹಿಂದಕ್ಕೆ ತೆಗೆದುಕೊಂಡರು. "ಆಗುವುದಿಲ್ಲ ಹೈಮ. ತುಂಬಿದೆ ಅಂತ ಹೇಳ್ತಾರೆ. ಮತ್ತೆ ಹೇಗೆ ಅಳಿಸುವುದು?"

ಹೈಮ ಅವರನ್ನು ಪಕ್ಕಕ್ಕೆ ಕರೆದಳು. ಅವಳಿಗೆ ನಗುವೇ ಬಂದಿತ್ತು. "ಸರ್, ನಮ್ಮಮ್ಮ ಖಾಲಿ ಅನ್ನೋ ಮಾತೇ ಆಡಲ್ಲ. ಇವತ್ತು ಬೆಳಿಗ್ಗೆ ಕೂಡ ಅಕ್ಕಿ ತುಂಬಿದೆ ಅಂದ್ರು. ಡಬ್ಬೀಲಿ ಒಂದು ಕಾಳಿಲ್ಲ. ಅವರು ತುಂಬಿದೆ ಅಂದ್ರೆ ಇಲ್ಲ ಅಂತ."

"ಇದೊಳ್ಳೆ ಕತೆ ಮಾರಾಯ್ರೆ. ತುಂಬಿದ್ರೆ ಎಂತ ಹೇಳ್ತಾರೆ ಹಾಗಾದರೆ?"

"ತುಂಬಿತು ಅಂತಾರೆ."

ವಲೇರಿಯನ್ ಪರದೆ ನೋಡಿದರು. ನೂರಕ್ಕೆ ನೂರು ಖಾಲಿ. ಮತ್ತೆ ಗೌರಾಂಬಮ್ಮನವರನ್ನು ನೋಡಿದರು. "ನಿಮ್ಮ ಭಾಷೆ, ನಿಮ್ಮ ತಾಯಿ. ನನಗೆ ಗೊತ್ತಾಗುವುದಿಲ್ಲ. ನೀವು ಸರಿಯಾಗಿ ಹೇಳಿ. ಅಳಿಸುವುದಾ?"

"ಅಳಿಸಿ ಸರ್."

ಸಾಧನ ಕೇಳುವುದನ್ನು ಕೇಳಿತು: ಈ ಪಾಲಿನಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಬೇಕೇ? ವಲೇರಿಯನ್ ಉಸಿರು ಬಿಟ್ಟು ಒತ್ತಿದರು. ನೀಲಿ ಬಣ್ಣ ಹೋಗಿ ಕಪ್ಪಾಯಿತು. ಬಲತುದಿಯ ಕಪ್ಪಿನೊಂದಿಗೆ ಸೇರಿಕೊಂಡಿತು. ದಿನದ ಪಾಲು ಅದರ ಮೇಲೆ ಹಿಗ್ಗಿತು. ಚಾಪೆ ಬಿಡಿಸಿದಷ್ಟು ಸುಲಭವಾಗಿ.

ಮರುದಿನ ಬೆಳಿಗ್ಗೆ ಗೌರಾಂಬಮ್ಮ ಗೇಟಿಗೆ ಹೋಗಲಿಲ್ಲ. ಹಾಸಿಗೆಯ ಮೇಲೆ ಕೂತು, "ಆ ಮಂಗಳೂರಿನವರು ಒಳ್ಳೆಯವರು ಕಣೆ. ಆದ್ರೆ ಕೈ ಐಸಿನ ಹಾಗೆ ತಣ್ಣಗಿತ್ತು," ಎಂದರು. ನಿನ್ನೆಯ ಮಾತು! ಹೈಮ ಬಾಚಣಿಗೆ ಹಿಡಿದವಳು ಹಾಗೇ ಕೂತು ಅತ್ತಳು.

ಆಮೇಲಿನದೆಲ್ಲ ಹಬ್ಬ. ಎದುರು ಮನೆಗೆ ಯಾರೋ ಹೊಸಬರು ಬಂದಿದ್ದರು. ಗೌರಾಂಬಮ್ಮ ಅವರ ಹೆಸರು, ಊರು, ಅಳಿಯನ ಕೆಲಸ ಎಲ್ಲ ತಿಳಿದುಕೊಂಡು ಬಂದರು. ಮರುದಿನವೂ ಅದು ನೆನಪಿತ್ತು, ಮರುವಾರವೂ. ಟೀವಿಯ ಧಾರಾವಾಹಿಯ ಸೊಸೆಗೆ ಶಾಪ ಹಾಕತೊಡಗಿದರು. ತರಕಾರಿಯವಳು ಮೊನ್ನೆ ಕೊಟ್ಟ ಬದನೆಕಾಯಿ ಹುಳುಕೆಂದು ಇವತ್ತು ಜಗಳ ತೆಗೆದರು. ಆ ಜಗಳ ಕೇಳಿ ಹೈಮಳಿಗೆ ಸಂಗೀತ ಕೇಳಿದಷ್ಟು ಸುಖವಾಯಿತು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಹೈಮ ಅಮ್ಮನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಲು ಹೋದಳು. ಗೌರಾಂಬಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ಬೇಡ ಕಣೆ. ಹೊಟ್ಟೆ ತುಂಬಿದೆ."

ಸೌಟು ಹಾಗೇ ನಿಂತಿತು.

ಈ ಮಾತನ್ನು ಹೈಮ ಹುಟ್ಟಿದಾಗಿನಿಂದ ದಿನಕ್ಕೆರಡು ಸಲ ಕೇಳಿದ್ದಳು. ಹೊಟ್ಟೆ ತುಂಬಿದೆ. ತೀರಿದೆ ಎಂದಲ್ಲ, ಬರಿದಾಗಿದೆ ಎಂದಲ್ಲ. ಡಬ್ಬಿಯಲ್ಲಿ ಇರುವುದಕ್ಕೆ ಒಂದು ಅರ್ಥ. ಮೈಯೊಳಗೆ ಇರುವುದಕ್ಕೆ ಇನ್ನೊಂದು. ಹೊಟ್ಟೆ ತುಂಬಿದೆ, ಎದೆ ತುಂಬಿದೆ, ಕಣ್ಣು ತುಂಬಿದೆ. ಅವಳ ವ್ಯಾಕರಣಕ್ಕೆ ಅಡುಗೆಮನೆಯ ಶೆಲ್ಫು ಮಾತ್ರ ಗೊತ್ತಿತ್ತು. ಆ ಸಣ್ಣ ಪಾಲನ್ನು ಮುಟ್ಟಿದಾಗ ಅಮ್ಮ ಕಣ್ಣು ಮುಚ್ಚಿ ನಕ್ಕದ್ದು ಯಾರನ್ನು ಕಂಡು?

"ಏನೇ? ಹುಳಿ ಸೋರ್ತಿದೆ, ನೋಡು."

ಹೈಮ ಕೈ ತೊಳೆದು ಬೀರು ತೆಗೆದಳು. ಸೀರೆಗಳ ಅಡಿಯಲ್ಲಿ ಫೋಟೋ ಸಿಕ್ಕಿತು. ಚೆಡ್ಡಿ, ದೊಗಲೆ ಸ್ವೆಟರು, ಮುಂದಿನ ಹಲ್ಲು ಬಿದ್ದ ನಗು. ತಂದು ಅಮ್ಮನ ಮುಂದೆ ಹಿಡಿದಳು.

ಗೌರಾಂಬಮ್ಮ ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ಎಷ್ಟು ಮುದ್ದಾಗಿದೆ! ಯಾರ ಮಗುವೇ ಇದು?"

ಸೋಮವಾರ ಹೈಮ ಘಟಕದಲ್ಲಿ ತನ್ನ ಕುರ್ಚಿಯಲ್ಲಿ ಕೂರಲಿಲ್ಲ. ಮನೆಯವರು ಕೂರುವ ಕುರ್ಚಿಯಲ್ಲಿ ಕೂತಳು. ವಲೇರಿಯನ್ ಎಲ್ಲ ಕೇಳಿಸಿಕೊಂಡರು. ನಾನು ಆಗಲೇ ಹೇಳಿದ್ದೆ ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ಹೈಮಳಿಗೆ ಕೊಂಚ ಹಗುರವಾಗುತ್ತಿತ್ತು.

"ಅಳಿಸೋದು ಅಂದ್ರೆ ಬೋರ್ಡು ಕೀಳೋದಷ್ಟೇ ಅಲ್ವಾ ಸರ್? ಮನೆ ಒಳಗೆ ಎಲ್ಲ ಹಾಗೇ ಇರುತ್ತೆ. ಮೇಲೆ ಇನ್ನೇನಾದ್ರೂ ಬರೆಯೋ ತನಕ."

"ಹೌದು."

"ಹಾಗಾದ್ರೆ ಅದೇ ಜಾಗದಲ್ಲಿ ಮತ್ತೆ ಬೋರ್ಡು ನೆಟ್ರೆ?"

"ನಿಮಗೆ ಗೊತ್ತುಂಟಲ್ಲ ಹೈಮ."

"ನೀವು ಹೇಳಿ. ನಾನೀಗ ಮನೆಯವಳು."

ವಲೇರಿಯನ್ ಉಸಿರು ಬಿಟ್ಟರು. ಹಿಗ್ಗಿದ ಪಾಲಿಗೆ ಎಳೆಗಳು ಆಗಲೇ ಬೆಳೆದಿವೆ. ಈಗ ಅಲ್ಲಿ ಗೆರೆ ಎಳೆದರೆ ಎರಡೂ ಕಡೆ ಹರಿದುಹೋಗುತ್ತದೆ. ತಾಯಿಗೆ ಆ ಮಗುವೂ ಸಿಗುವುದಿಲ್ಲ, ಈ ದಿನಗಳೂ ಉಳಿಯುವುದಿಲ್ಲ. ಮತ್ತೆ, ಪ್ರತಿ ರಾತ್ರಿ ನಿದ್ದೆಯಲ್ಲಿ ಹೊಸ ದಿನ ಇಳಿಯುತ್ತಿದೆ, ಹಳೆಯ ಮನೆಯ ಮೇಲೆಯೇ. "ಒಂದೊಂದೇ ಗೋಡೆ ಬೀಳ್ತಾ ಉಂಟು," ಎಂದರು. "ಅವರು ಎಷ್ಟು ಚೆನ್ನಾಗಿ ಬದುಕ್ತಾರೋ ಅಷ್ಟು ಬೇಗ ಬೀಳ್ತದೆ."

ಎಷ್ಟೋ ಕುಟುಂಬಗಳಿಗೆ ಹೈಮ ಇದೇ ಕುರ್ಚಿಯ ಎದುರು ಕೂತು, ಮನಸ್ಸು ಗಟ್ಟಿ ಮಾಡ್ಕೊಳಿ ಎಂದಿದ್ದಳು. ವಲೇರಿಯನ್ ಅದನ್ನೂ ಅನ್ನಲಿಲ್ಲ. ಕಾಫಿ ತರಿಸಿದರು. ಅದು ಇಬ್ಬರ ನಡುವೆ ಆರಿಹೋಯಿತು.

ಓದುವವರಿಲ್ಲದ ನೆನಪು ಇದ್ದರೇನು, ಬಿದ್ದರೇನು ಎಂದು ಹೈಮ ಕಲಿತ ವಿಜ್ಞಾನ ಹೇಳುತ್ತಿತ್ತು. ಆದರೂ ಮನೆಗೆ ಬಂದವಳೇ ಟೀವಿಯ ತಂತಿ ಕಿತ್ತಳು. ಎದುರು ಮನೆಯವರಿಗೆ ಅಮ್ಮನಿಗೆ ವಿಶ್ರಾಂತಿ ಬೇಕೆಂದು ಹೇಳಿ ಬಂದಳು. ತರಕಾರಿಯವಳನ್ನು ಗೇಟಿನಿಂದಲೇ ಕಳಿಸಿದಳು. ದಿನಾ ಅದೇ ಸಾರು, ಅದೇ ಪಲ್ಯ. ಹೊಸದೇನೂ ನಡೆಯದಿದ್ದರೆ ಇಳಿಯುವುದೂ ಕಡಿಮೆ. ಇಳಿಯುವುದು ಕಡಿಮೆಯಾದರೆ ಸೋಮು ಅಷ್ಟು ದಿನ ಹೆಚ್ಚು, ಯಾರೂ ಓದಲಾಗದ ಅಕ್ಷರವಾಗಿಯಾದರೂ, ಅಮ್ಮನ ಕಿವಿಯ ಹಿಂದೆ ಇರುತ್ತಾನೆ.

ಗೌರಾಂಬಮ್ಮ ಕೆಲವು ದಿನ ಸುಮ್ಮನಿದ್ದರು. ಆಮೇಲೆ ಸಿಡಿದರು. "ಏನೇ ಇದು, ಜೈಲಾ? ಆ ಗುರುವಾರದಲ್ಲೇ ಇಟ್ಟಿದ್ರೆ ಚೆನ್ನಾಗಿತ್ತು. ಗೇಟಿನ ಹತ್ರನಾದ್ರೂ ನಿಲ್ತಿದ್ದೆ!"

ಹೈಮ ಟೀವಿಯ ತಂತಿ ಸಿಕ್ಕಿಸಿದಳು. ಪರದೆಯ ಮೇಲೆ ಸೊಸೆ ಅಳುತ್ತಿದ್ದಳು. "ಅಳು, ಅಳು, ನಿಂಗೆ ಹಾಗೇ ಆಗ್ಬೇಕು," ಎಂದು ಗೌರಾಂಬಮ್ಮ ಖುಷಿಯಿಂದ ಕಾಲು ಚಾಚಿ ಕೂತರು. ಆ ಖುಷಿ ಆ ರಾತ್ರಿ ಯಾವ ಗೋಡೆಯ ಮೇಲೆ ಇಳಿಯುತ್ತದೋ. ಮೊದಲ ದಿನ ಶಾಲೆಗೆ ಹೊರಟು ಬಾಗಿಲಲ್ಲಿ ಅತ್ತದ್ದೋ, ಹಲ್ಲು ಬಿದ್ದದ್ದೋ, ಜ್ವರದಲ್ಲಿ ಅಮ್ಮನ ಬೆರಳು ಹಿಡಿದದ್ದೋ. ಹೈಮ ಬಾಗಿಲ ಬಳಿ ನಿಂತು ಅಮ್ಮ ನಗುವುದನ್ನು ನೋಡುತ್ತಿದ್ದಳು.

ಹೇಳಿಬಿಡಬಹುದಿತ್ತು. ನಿನಗೊಬ್ಬ ಮಗ ಇದ್ದ ಎಂದು. ಅಮ್ಮ ನಂಬುತ್ತಾರೆ, ಮಗಳ ಮಾತು ತೆಗೆದುಹಾಕುವವರಲ್ಲ. ಆದರೆ ಇದ್ದ ಎಂದ ಮೇಲೆ ಹೋದ ಎಂದೂ ಹೇಳಬೇಕು. ಈಗ ಜಾಗ ಬೇಕಾದಷ್ಟಿದೆ, ಹೇಳಿದ್ದು ಅಂದೇ ರಾತ್ರಿ ಇಳಿದು ಉಳಿಯುತ್ತದೆ. ಮಗನ ಮುಖವಿಲ್ಲ, ದನಿಯಿಲ್ಲ, ಮೈಯ ಬಿಸಿಯಿಲ್ಲ, ಸಾವೊಂದೇ ಉಳಿಯುತ್ತದೆ. ಹಾಗಂತ ಹೇಳದಿದ್ದರೆ, ಅಪ್ಪನೂ ಇಲ್ಲದ ಮೇಲೆ, ಸೋಮು ಎಂಬವನು ಇದ್ದ ಎನ್ನುವುದಕ್ಕೆ ಇನ್ನು ಲೋಕದಲ್ಲಿ ಅವಳೊಬ್ಬಳೇ ಸಾಕ್ಷಿ. ಹುಡುಗಿಯಾಗಿದ್ದಾಗ ಅವಳು ಅವನನ್ನು ನೋಡಿದ್ದಾದರೂ ಎಷ್ಟು? ಕಸಿದುಕೊಂಡ ಪೆನ್ಸಿಲು, ಹಂಚಿಕೊಂಡ ಹಾಸಿಗೆ. ಉಳಿದದ್ದೆಲ್ಲ ಅಮ್ಮನ ಹತ್ತಿರ ಇತ್ತು.

ವರ್ಷ ತಿರುಗಿ ಸೋಮುವಿನ ಹುಟ್ಟುಹಬ್ಬ ಬಂತು. ಅಮ್ಮನನ್ನು ಆ ದಿನಕ್ಕೆ ಮುಟ್ಟಿಸಿಯಾಗಿತ್ತು. ಗೌರಾಂಬಮ್ಮ ಬೆಳಿಗ್ಗೆ ಎದ್ದು, ಹೂ ಕಟ್ಟಿ, ಎದುರು ಮನೆಯವರ ಜೊತೆ ದೇವಸ್ಥಾನಕ್ಕೆ ಹೋಗಿಬರುವುದಾಗಿ ಹೇಳಿದರು. ಹೈಮ ರಜೆ ಹಾಕಿದ್ದಳು. ಅಮ್ಮ ಅತ್ತ ಹೋದ ಮೇಲೆ ಗಸಗಸೆ ಹುರಿದಳು. ಕಾಯಿ ತುರಿದು, ರುಬ್ಬಿ, ಬೆಲ್ಲ ಹಾಕಿ ಕುದಿಸಿದಳು. ಅಮ್ಮ ಮಾಡುವಾಗ ಅವಳೆಂದೂ ಹತ್ತಿರ ನಿಂತು ನೋಡಿರಲಿಲ್ಲ, ನೋಡಲು ಅಮ್ಮ ಬಿಡುತ್ತಲೂ ಇರಲಿಲ್ಲ. ಅಂದಾಜಿನ ಮೇಲೆ ಮಾಡಿದ್ದು, ಸ್ವಲ್ಪ ತೆಳ್ಳಗಾಯಿತು.

ಗೌರಾಂಬಮ್ಮ ಬಂದು ಲೋಟಕ್ಕೆ ತುಟಿ ಹಚ್ಚಿದರು. "ಚೆನ್ನಾಗಿದೆಯಲ್ಲೇ! ಏನಿವತ್ತು ವಿಶೇಷ? ಯಾರ ಹುಟ್ಟುಹಬ್ಬ?"

"ಯಾರದೂ ಇಲ್ಲ. ಸುಮ್ನೆ, ಮಾಡ್ಬೇಕು ಅನ್ನಿಸ್ತು."

"ಒಂದು ಏಲಕ್ಕಿ ಜಾಸ್ತಿ ಹಾಕ್ಬೇಕಿತ್ತು." ಎರಡನೇ ಲೋಟ ಕೇಳಿದರು. ಹೈಮ ಬಗ್ಗಿಸಿ ಕೊಟ್ಟಳು. ಅದನ್ನೂ ಕುಡಿದು, ಮಗುವಿನಂತೆ ಲೋಟದ ತಳ ಬೆರಳಲ್ಲಿ ಬಳಿದು, ಮತ್ತೆ ಲೋಟ ಚಾಚಿದರು. "ಇನ್ನೂ ಇದೆಯಾ?"

ಹೈಮ ಪಾತ್ರೆ ನೋಡಿದಳು. ಅಂಚಿಗೆ ಅಂಟಿದ ಕಂದು ಗೆರೆ ಬಿಟ್ಟರೆ ಏನೂ ಇರಲಿಲ್ಲ.

"ಇಲ್ಲ ಅಮ್ಮ. ಖಾಲಿ ಆಯ್ತು."

"ಬಿಡ್ತು ಅನ್ನು!" ಗೌರಾಂಬಮ್ಮ ಲೋಟ ಕೆಳಗಿಟ್ಟು ಗದರಿದರು. "ಒಳ್ಳೇ ದಿನ ಪಾಯಸ ಮಾಡಿ, ಇಲ್ಲ ಅಂತೀಯಾ, ಖಾಲಿ ಅಂತೀಯಾ? ಎಷ್ಟು ಸಲ ಹೇಳಿದೀನಿ ನಿಂಗೆ? ತುಂಬಿದೆ ಅನ್ನು."

ಹೈಮ ಪಾತ್ರೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಅನ್ನು ಮತ್ತೆ."

"ತುಂಬಿದೆ ಅಮ್ಮ," ಎಂದಳು ಹೈಮ.